20ನೇ ತಾರೀಖಿನ ಮೇಲೂ ನಾನು ಖಾಲಿ ಇರುವುದಿಲ್ಲ

"ಸರ್, 20ನೇ ತಾರೀಖು ಮುಗೀತಲ್ರಿ, ಈಗ ಖಾಲಿನೇ ಅದೀರಲ್ಲ?"

ಕಲಬುರಗಿಯಲ್ಲಿ ಸಿಎ ಆಫೀಸು ನಡೆಸುವ ನನಗೆ ಈ ಪ್ರಶ್ನೆ ಗಂಜಿನಲ್ಲೂ ಎದುರಾಗುತ್ತದೆ, ಸೂಪರ್ ಮಾರ್ಕೆಟ್ಟಿನಲ್ಲೂ ಎದುರಾಗುತ್ತದೆ. ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ರೀ, ಖಾಲಿ ಇಲ್ಲ.

ತಿಂಗಳಿಗೊಮ್ಮೆ ರಿಟರ್ನ್ ತುಂಬುವವರಿಗೆ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿ. ಜನರ ಕಣ್ಣಿಗೆ ಬೀಳುವುದು ಈ ಎರಡು ತಾರೀಖು ಮಾತ್ರ. ನಾನು ಬಿಲ್ ಮಾಡುವುದೂ ಇವಕ್ಕೇ. ನಡುವೆ 14ಕ್ಕೆ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ಆಗ ಖರೀದಿ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಮಾಲು ಕೊಟ್ಟವರು ತಮ್ಮ ರಿಟರ್ನಿನಲ್ಲಿ ಬಿಲ್ ತೋರಿಸದಿದ್ದರೆ ಕೊಂಡವರಿಗೆ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಮಾಲು ಕೊಟ್ಟವರಿಗೆ ಫೋನ್ ಮಾಡಿ ಬೆನ್ನು ಹತ್ತುವವರು ನಮ್ಮ ಆಫೀಸಿನ ಹುಡುಗರು. ಆ ಫೋನಿಗೆ ಯಾರೂ ದುಡ್ಡು ಕೊಡುವುದಿಲ್ಲ.

2025ರ ಸೆಪ್ಟೆಂಬರ್ ಅಂತೂ ಮರೆಯುವ ಹಾಗಿಲ್ಲ. 3ನೇ ತಾರೀಖು ಜಿಎಸ್‌ಟಿ ಕೌನ್ಸಿಲ್ ದರ ಬದಲಿಸಿತು, 22ರಿಂದ ಜಾರಿ. ಆ ದಿನಗಳಲ್ಲಿ ಜಗತ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಿದ್ದೆ. ಟ್ರ್ಯಾಕ್ಟರ್ ಟೈರ್ ಮಾರುವ ಪರಿಚಯದವರೊಬ್ಬರು ಬಂದು ಪಕ್ಕದಲ್ಲಿ ಕೂತರು.

"ಸರ್, 18 ಪರ್ಸೆಂಟ್ ತೆರಿಗೆ ಕೊಟ್ಟು ತಂದ ಟೈರು ಇನ್ನ 5ಕ್ಕೆ ಮಾರಬೇಕಂತ. ನಡುವಿನ 13 ಹೋಯ್ತೇನ್ರಿ?"

ಹೋಗುವುದಿಲ್ಲ ಅಂದೆ. ಲೆಡ್ಜರಿನಲ್ಲಿರುವ ಕ್ರೆಡಿಟ್ ಹಾಗೇ ಇರುತ್ತದೆ, ಮುಂದಿನ ಮಾರಾಟದ ತೆರಿಗೆಗೆ ಬಳಸಿಕೊಳ್ಳಿ, ದರ ಇಳಿಯಿತು ಅಂತ ರಿಫಂಡ್ ಮಾತ್ರ ಕೇಳಬೇಡಿ. ಜೊತೆಗಿದ್ದ ನೋಟ್‌ಬುಕ್ ಅಂಗಡಿಯವರು "ಹಂಗಾದ್ರ ನಂದೂ ಅಷ್ಟೇ" ಅಂತ ಎದ್ದರು. ಅವರನ್ನು ಕೂರಿಸಿದೆ. ನೋಟ್‌ಬುಕ್ಕಿಗೆ 12 ಇದ್ದದ್ದು ಸೊನ್ನೆ ಆಗಿತ್ತು. ತೆರಿಗೆಯೇ ಇಲ್ಲದ ಮಾಲಾದರೆ, ಉಳಿದ ಸ್ಟಾಕಿನ ಮೇಲೆ ತೆಗೆದುಕೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು. ಒಂದೇ ದಿನದ ಬದಲಾವಣೆ, ಇಬ್ಬರಿಗೂ ಬೇರೆ ಬೇರೆ ಉತ್ತರ.

"ಎರಡು ನಿಮಿಷದ ಮಾತು. ಇದಕ್ಕೂ ಬಿಲ್ ಮಾಡ್ತೀರೇನ್ರಿ?" ಅಂತ ಅವರಲ್ಲೊಬ್ಬರು ಕೇಳಿದರು.

ನನಗೆ ಸಿಟ್ಟು ಬರುವುದು ಇಲ್ಲೇ. ಎರಡು ನಿಮಿಷ ನೀವು ಕೇಳಿದ ಹೊತ್ತು. ಪ್ರಕಟಣೆ ಓದಿ, ಸೆಕ್ಷನ್ ತೆಗೆದು ನೋಡಿ, ಗೆಳೆಯರ ಜೊತೆ ವಾದ ಮಾಡಿದ ರಾತ್ರಿಗಳ ಲೆಕ್ಕ ಯಾರದು? ಆ ಓದು ಇಲ್ಲದಿದ್ದರೆ ನೋಟ್‌ಬುಕ್ಕಿನವರು ಟೈರಿನವರ ಉತ್ತರ ಹಿಡಿದುಕೊಂಡು ಹೋಗುತ್ತಿದ್ದರು. ಮುಂದೆ ನೋಟಿಸ್ ಬರುತ್ತಿತ್ತು, ಬಡ್ಡಿಯೂ ಬೀಳುತ್ತಿತ್ತು.

ಖಾಲಿ ಇದ್ದೀರಾ ಅಂತ ಕೇಳುವ ಬದಲು, ದುಡ್ಡು ಬರದ ಹೊತ್ತಿನಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ ಅಂತ ಕೇಳಿ. ಖುಷಿಯಿಂದ ಹೇಳುತ್ತೇನೆ.

ಬಿಟ್ಟದ್ದು, ವಾಟ್ಸಾಪಿನಲ್ಲಿ ಒಂದೊಂದೇ ಬಿಲ್ಲಿನ ಫೋಟೊ ತರಿಸಿಕೊಳ್ಳುವುದು. ಈಗ 5ರೊಳಗೆ ಎಲ್ಲ ಬಿಲ್ಲು ಒಟ್ಟಿಗೆ ಆಫೀಸಿಗೆ ಬರಬೇಕು. ಸಣ್ಣಪುಟ್ಟ ಸಲಹೆಯನ್ನು ವರ್ಷದ ಫೀಸಿನಲ್ಲೇ ಸೇರಿಸಿ, ಮೊದಲೇ ಬರೆದುಕೊಡುತ್ತೇನೆ. ಆಮೇಲೆ ಜಗಳ ಇಲ್ಲ.

ಉಳಿಸಿಕೊಂಡದ್ದು ಕಲಿಸುವ ಹೊತ್ತು. ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರು ಆಫೀಸಿನಲ್ಲಿ ಪಡೆಯುವ ತರಬೇತಿ, ಮೊದಲು ಮೂರು ವರ್ಷ ಇತ್ತು. 2023ರ ಜುಲೈಯಿಂದ ಸೇರುವವರಿಗೆ ಎರಡೇ ವರ್ಷ. ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಬರುವ ಮಕ್ಕಳು ಬರೀ ಡೇಟಾ ಎಂಟ್ರಿ ಮಾಡುತ್ತಾ ಆ ಎರಡು ವರ್ಷ ಕಳೆಯಬಾರದು ಅಲ್ವಾ? ಅದಕ್ಕೆ ಶನಿವಾರ ಮಧ್ಯಾಹ್ನ ಒಂದು ಹಳೇ ನೋಟಿಸ್ ಮೇಜಿನ ಮೇಲೆ ಇಡುತ್ತೇನೆ. ಮೊನ್ನೆ ಸೇಡಂ ಹುಡುಗಿ ರಿಟರ್ನಿನಲ್ಲಿ ವ್ಯತ್ಯಾಸ ಕಂಡರೆ ತೆರಿಗೆ ಇಲಾಖೆ ಕಳಿಸುವ ನೋಟಿಸ್, ಎಎಸ್‌ಎಂಟಿ-10 ಒಂದನ್ನು ಗಟ್ಟಿಯಾಗಿ ಓದಿದಳು. ಉತ್ತರಕ್ಕೆ 30 ದಿನ ಅಂತ ಮೊದಲು ತಾರೀಖಿಗೆ ಗೆರೆ ಎಳೆದಳು. ಆಮೇಲೆ ಇಲಾಖೆಯವರು ಕೇಳಿದ ವ್ಯತ್ಯಾಸ ಯಾವ ತಿಂಗಳದು ಅಂತ 3ಬಿ ಪಕ್ಕದಲ್ಲಿ ಇಟ್ಟು ತಾನೇ ಹುಡುಕಿದಳು. ಈ ಕೆಲಸಕ್ಕೆ ಬಿಲ್ ಇಲ್ಲ. ಆದರೆ ಮುಂದಿನ ನೋಟಿಸ್ ನಿಮ್ಮ ಅಂಗಡಿಗೆ ಬಂದರೆ ಅದನ್ನು ಮೊದಲು ಓದುವವಳು ಅವಳೇ.

ಆದ್ದರಿಂದ ಶನಿವಾರ ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ಸೋಮವಾರ ಬಿಲ್ ಬುಕ್ ತಗೊಂಡು ಆಫೀಸಿಗೆ ಬನ್ನಿ.