ಖಾಲಿದ್ ಜಮೀಲ್ ಅವರೇ ಆಗಬೇಕು

2025ರ ಜುಲೈ ಕೊನೆಯಲ್ಲಿ ಬರೆದದ್ದು ಇದು. ಭಾರತ ಫುಟ್‌ಬಾಲ್ ತಂಡದ ಹೆಡ್ ಕೋಚ್ ಕೆಲಸಕ್ಕೆ 170 ಅರ್ಜಿ ಬಂದಿದ್ದವು. ಆಗ ಉಳಿದಿದ್ದು ಮೂರೇ ಹೆಸರು. ಈ ಹಿಂದೆ ಎರಡು ಸಲ ನಮ್ಮ ಕೋಚ್ ಆಗಿದ್ದ ಸ್ಟೀಫನ್ ಕಾನ್‌ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ತಾರ್ಕೊವಿಚ್, ಮತ್ತೆ ಆಗ ಜಮ್‌ಶೆಡ್‌ಪುರ ತಂಡದ ಕೋಚ್ ಆಗಿದ್ದ ಖಾಲಿದ್ ಜಮೀಲ್. ಹಳೆಯ ಆಟಗಾರ ಐ.ಎಂ. ವಿಜಯನ್ ಅವರ ತಾಂತ್ರಿಕ ಸಮಿತಿ ಸೋಸಿ ಕೊಟ್ಟ ಪಟ್ಟಿ ಇದು. 2025ರ ಆಗಸ್ಟ್ 1ಕ್ಕೆ ಭಾರತದ ಫುಟ್‌ಬಾಲ್ ಫೆಡರೇಶನ್‌ನವರು ಕೂತು ತೀರ್ಮಾನ ಮಾಡುವವರಿದ್ದರು. ಅದಕ್ಕೆ ಮುಂಚೆ ನನ್ನ ಮನಸ್ಸಲ್ಲಿದ್ದುದನ್ನು ಬರೆದಿದ್ದೇನೆ.

ದಾವಣಗೆರೆಯಲ್ಲಿ ಇದನ್ನೆಲ್ಲ ಯಾರು ಮಾತಾಡುತ್ತಾರೆ ಅಂತ ಕೇಳಬೇಡಿ. ನಾವು ಮಾತಾಡುತ್ತೇವೆ. ನಾನು ಊರಾಚೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಸಂಜೆ ಆಡೋಕೆ ಬರುವವರಲ್ಲಿ ಮೆಡಿಕಲ್ ಓದುವ ಕೇರಳದ ಹುಡುಗರಿದ್ದಾರೆ, ಇಂಜಿನಿಯರಿಂಗ್ ಹುಡುಗರಿದ್ದಾರೆ, ಅಕ್ಕಿ ವ್ಯಾಪಾರದ ನನ್ನ ಹಳೇ ಗೆಳೆಯ ಇದ್ದಾನೆ. ಆ ತಿಂಗಳು ಮಳೆ ಬಂದು ಮೈದಾನ ಕೆಸರಾದ ದಿನಗಳೇ ಜಾಸ್ತಿ. ಅಂಥ ದಿನ ಆಟ ಇಲ್ಲ, ನೇರ ಮಂಡಕ್ಕಿ ಅಂಗಡಿ. ಮೆಣಸಿನಕಾಯಿ ಬಿಸಿ ಆರುವಷ್ಟರಲ್ಲಿ ವಾದ ಶುರುವಾಗಿರುತ್ತದೆ.

ನಡುವೆ ಒಂದು ದಿನ ಬಾರ್ಸಿಲೋನಾ ಕ್ಲಬ್‌ನ ಹಳೆಯ ಆಟಗಾರ, ಕೋಚ್ ಶಾವಿ ಹೆರ್ನಾಂಡೆಸ್ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ ಬಂತು. ಕೇರಳದ ಹುಡುಗರು ಕುಣಿದಾಡಿಬಿಟ್ಟರು. ಮಾರನೇ ದಿನ ಫೆಡರೇಶನ್ನೇ ಹೇಳಿತು, ಶಾವಿ ಹೆಸರಲ್ಲೂ ದೊಡ್ಡ ಕೋಚ್ ಗಾರ್ಡಿಯೋಲಾ ಹೆಸರಲ್ಲೂ ಬಂದ ಇಮೇಲ್‌ಗಳು ನಿಜವಾದವಲ್ಲ ಅಂತ. ನನಗೆ ಬೇಜಾರಾಗಿದ್ದು ಶಾವಿ ಬರಲಿಲ್ಲ ಅಂತಲ್ಲ. ಆ ಒಂದು ದಿನ ಉಳಿದ ಯಾರ ಹೆಸರನ್ನೂ ಒಬ್ಬರೂ ಎತ್ತಲಿಲ್ಲವಲ್ಲ, ಅದಕ್ಕೆ.

ಗೆಳೆಯನಿಗೆ ಕಾನ್‌ಸ್ಟಂಟೈನ್ ಬೇಕು. "ಆ ಮನುಷ್ಯ ಮಾಡಿ ತೋರ್ಸ್ಯಾನ, ಇನ್ನೇನ್ ಬೇಕ್ರೀ" ಅನ್ನುತ್ತಾನೆ. ಅವನ ಮಾತಲ್ಲಿ ಹುರುಳಿದೆ. 2015ರಲ್ಲಿ ಅವರು ಎರಡನೇ ಸಲ ಬಂದಾಗ ನಾವು ಫಿಫಾ (ವಿಶ್ವ ಫುಟ್‌ಬಾಲ್ ಸಂಸ್ಥೆ) ರ‍್ಯಾಂಕಿಂಗ್‌ನಲ್ಲಿ 170ರ ಆಚೆ ಇದ್ದೆವು. 2017ರ ಜುಲೈನಲ್ಲಿ 96ಕ್ಕೆ ಬಂದಿದ್ದೆವು. 2019ರ ಜನವರಿಯಲ್ಲಿ ಏಷ್ಯನ್ ಕಪ್‌ನಲ್ಲಿ, ಅಬುಧಾಬಿಯಲ್ಲಿ, ಥಾಯ್ಲೆಂಡನ್ನು 4-1ರಿಂದ ಹೊಡೆದದ್ದನ್ನು ನಾನಂತೂ ಮರೆಯಲ್ಲ. ಅದೇ ಟೂರ್ನಿಯಲ್ಲಿ ಬಹ್ರೇನ್ ಎದುರು ಡ್ರಾ ಆಗಿದ್ದರೂ ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. 90 ನಿಮಿಷ ಮುಗಿದ ಮೇಲೆ ಒಂದು ಪೆನಾಲ್ಟಿ ಕೊಟ್ಟೆವು, ಕಥೆ ಮುಗಿಯಿತು. ಕಾನ್‌ಸ್ಟಂಟೈನ್ ಅವತ್ತೇ ರಾಜೀನಾಮೆ ಕೊಟ್ಟರು. ಆಮೇಲೆ ಪಾಕಿಸ್ತಾನಕ್ಕೆ ಹೋಗಿ, 2023ರಲ್ಲಿ ಕಾಂಬೋಡಿಯಾ ಮೇಲೆ ಅವರಿಗೆ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲೇ ಮೊಟ್ಟಮೊದಲ ಗೆಲುವು ತಂದುಕೊಟ್ಟರು. ಕೆಲಸ ಗೊತ್ತಿರುವ ಮನುಷ್ಯ, ಅದರಲ್ಲಿ ಅನುಮಾನ ಇಲ್ಲ.

ಆದರೆ ಮೂರನೇ ಸಲ ಅದೇ ಬಾಗಿಲು ತಟ್ಟಬೇಕಾ? ದೇಶದ ದೊಡ್ಡ ಕ್ಲಬ್ ಲೀಗ್ ಐಎಸ್‌ಎಲ್‌ನಲ್ಲಿ 2022-23ರಲ್ಲಿ ಅವರ ಈಸ್ಟ್ ಬೆಂಗಾಲ್ ಒಂಬತ್ತನೇ ಸ್ಥಾನದಲ್ಲಿತ್ತು. ಆ ತಂಡದ ಆಟ ನೋಡಿದ ನನಗೆ ಹೊಸದೇನೂ ಕಾಣಲಿಲ್ಲ.

ತಾರ್ಕೊವಿಚ್ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಸ್ಲೊವಾಕಿಯಾವನ್ನು ಯುರೋಪಿನ ದೇಶಗಳ ಟೂರ್ನಿ ಯೂರೋ 2020ರಲ್ಲಿ ಆಡಿಸಿದವರು, ಪೋಲೆಂಡನ್ನು ಸೋಲಿಸಿದವರು. ಕಿರ್ಗಿಸ್ತಾನದ ಕೋಚ್ ಆಗಿದ್ದರಿಂದ ಏಷ್ಯಾದ ಆಟವೂ ಗೊತ್ತು. ಕಾಗದದ ಮೇಲೆ ಮೂವರಲ್ಲಿ ದೊಡ್ಡ ಅನುಭವ ಅವರದೇ. ಮೆಡಿಕಲ್ ಹುಡುಗನೊಬ್ಬ ಅವರ ಪರ ಬಹಳ ಚೆನ್ನಾಗಿ ವಾದಿಸಿದ. ಅವನಿಗೆ ನಾನು ಕೇಳಿದ್ದು ಒಂದೇ. ಅವರು ಇಲ್ಲಿಗೆ ಬಂದು ನಮ್ಮ ಹುಡುಗರ ಹೆಸರು ಕಲಿಯೋಕೆ ಎಷ್ಟು ದಿನ ಬೇಕು?

ನನ್ನ ವಾದವೆಲ್ಲ ಇರುವುದು ಈ ದಿನಗಳ ಲೆಕ್ಕದಲ್ಲೇ. ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ಸಿಗುವುದೇ ಕಡಿಮೆ. ಫಿಫಾ ಬಿಡುವು ಕೊಟ್ಟಾಗ ಬರುತ್ತಾರೆ, ಎರಡು ಪಂದ್ಯ ಆಡುತ್ತಾರೆ, ಕ್ಲಬ್‌ಗೆ ಹೋಗುತ್ತಾರೆ. ತಾಲ್ಲೂಕು ಕ್ರೀಡಾಕೂಟಕ್ಕೆ ಹುಡುಗರನ್ನು ತಯಾರು ಮಾಡುವ ನನಗೆ ಈ ಕಷ್ಟ ಸಣ್ಣ ಅಳತೆಯಲ್ಲಿ ಗೊತ್ತು. ಪರೀಕ್ಷೆ, ಮಳೆ, ಹೊಲದ ಕೆಲಸ ಎಲ್ಲ ಕಳೆದು ಕೈಗೆ ಸಿಗುವುದು ಕೆಲವೇ ಸಂಜೆಗಳು. ಅಷ್ಟರಲ್ಲಿ ಹೊಸ ಆಟ ಕಲಿಸೋಕೆ ಆಗಲ್ಲ. ಯಾರಿಗೆ ಎಡಗಾಲು ಚೆನ್ನಾಗಿದೆ, ಯಾರು ಗೋಲು ಬಿದ್ದ ತಕ್ಷಣ ಕುಗ್ಗಿಹೋಗುತ್ತಾರೆ, ಯಾರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬೇಕು, ಇದು ಮೊದಲೇ ಗೊತ್ತಿದ್ದವರು ಮಾತ್ರ ಆ ಸಂಜೆಗಳಲ್ಲಿ ತಂಡ ಕಟ್ಟುತ್ತಾರೆ.

ಹಿಂದಿನ ಕೋಚ್ ಮನೋಲೊ ಮಾರ್ಕೆಸ್ ಒಳ್ಳೆಯ ಕೋಚ್ ಅಲ್ಲ ಅಂತ ನಾನು ಹೇಳಲ್ಲ. ಹೈದರಾಬಾದ್‌ಗೆ ಐಎಸ್‌ಎಲ್ ಗೆದ್ದುಕೊಟ್ಟವರು. ಆದರೆ ಅವರನ್ನು ಗೋವಾ ಕ್ಲಬ್‌ಗೂ ದೇಶಕ್ಕೂ ಒಟ್ಟಿಗೆ ಹಚ್ಚಿದರು. ಎಂಟು ಪಂದ್ಯದಲ್ಲಿ ಒಂದೇ ಗೆಲುವು, ಅದೂ ಮಾಲ್ಡೀವ್ಸ್ ಮೇಲೆ. 2025ರ ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಕೊನೆ ಗಳಿಗೆಯ ಪೆನಾಲ್ಟಿಯಲ್ಲಿ ಸೋತೆವಲ್ಲ, ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. 2025ರ ಜುಲೈನಲ್ಲಿ ನಮ್ಮ ರ‍್ಯಾಂಕಿಂಗ್ 133 ಇತ್ತು.

ಇನ್ನು ಖಾಲಿದ್. 2016-17ರಲ್ಲಿ ಮಿಜೋರಾಂನ ಐಜಾಲ್ ತಂಡವನ್ನು ಅವರು ದೇಶದ ಇನ್ನೊಂದು ಕ್ಲಬ್ ಲೀಗ್ ಆದ ಐ-ಲೀಗ್ ಗೆಲ್ಲಿಸಿದರು. ಹಿಂದಿನ ವರ್ಷ ಆ ತಂಡ ಕೆಳಗಿನ ಲೀಗ್‌ಗೆ ಬೀಳಬೇಕಿತ್ತು, ಹೇಗೋ ಮತ್ತೆ ಸೇರಿಸಿಕೊಂಡಿದ್ದರು. ಖಾಲಿದ್ ಅವರನ್ನೂ ಮುಂಬೈ ಎಫ್‌ಸಿ ಆಗಷ್ಟೇ ಕೈಬಿಟ್ಟಿತ್ತು. ಯಾರಿಗೂ ಬೇಡವಾದ ತಂಡ, ಯಾರಿಗೂ ಬೇಡವಾದ ಕೋಚ್. ಕೊನೆಯ ಪಂದ್ಯ ಶಿಲ್ಲಾಂಗ್‌ನಲ್ಲಿ 1-1. ಮೋಹನ್ ಬಾಗಾನ್‌ಗಿಂತ ಒಂದೇ ಒಂದು ಅಂಕ ಮುಂದೆ ನಿಂತು ಚಾಂಪಿಯನ್. ದೊಡ್ಡ ಹಣ ಇಲ್ಲ, ದೊಡ್ಡ ಹೆಸರಿಲ್ಲ, ಬಹುಪಾಲು ಅಲ್ಲಿನದೇ ಹುಡುಗರು. ನಮ್ಮ ಶಾಲೆಯ ಮಕ್ಕಳಿಗೆ ನಾನು ಪ್ರತಿ ವರ್ಷ ಈ ಕಥೆ ಹೇಳುತ್ತೇನೆ.

2020-21ರಲ್ಲಿ ಸೀಸನ್ ಅರ್ಧದಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ಕೈಗೆ ಬಂದಾಗ, ಲೀಗ್ ಹಂತ ಮುಗಿಯುವವರೆಗೆ ಸೋಲದೆ ಪ್ಲೇಆಫ್‌ಗೆ ಕರೆದುಕೊಂಡು ಹೋದರು. ಐಎಸ್‌ಎಲ್‌ನಲ್ಲಿ ಭಾರತದ ಕೋಚ್ ಒಬ್ಬರು ಅಷ್ಟು ದೂರ ಹೋಗಿದ್ದು ಅದೇ ಮೊದಲು. 2025ರಲ್ಲಿ ಜಮ್‌ಶೆಡ್‌ಪುರ ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮೋಹನ್ ಬಾಗಾನನ್ನು 2-1ರಿಂದ ಸೋಲಿಸಿತು. ಕೋಲ್ಕತ್ತಾಗೆ ಹೋಗಿ 0-2ರಿಂದ ಸೋತಿತು. ಆಮೇಲೆ ಸೂಪರ್ ಕಪ್ ಫೈನಲ್‌ನಲ್ಲಿ ಗೋವಾ ಎದುರು 0-3. ಆ ಗೋವಾದ ಕೋಚ್ ಮನೋಲೊ ಅವರೇ ಆಗಿದ್ದರು ಅಂತ ಮೆಡಿಕಲ್ ಹುಡುಗ ಪ್ರತಿ ಸಲ ನೆನಪಿಸುತ್ತಾನೆ. ನೆನಪಿಸಲಿ, ಆ ಸೋಲು ಸಣ್ಣದಲ್ಲ.

ಖಾಲಿದ್ ತಂಡದ ಆಟ ಕಣ್ಣಿಗೆ ಹಬ್ಬ ಅಲ್ಲ. ಹಿಂದೆ ನಿಂತು ಗೋಡೆ ಕಟ್ಟು, ಬಾಲ್ ಸಿಕ್ಕರೆ ಉದ್ದಕ್ಕೆ ಕಳಿಸು, ಥ್ರೋ-ಇನ್, ಕಾರ್ನರ್ ಯಾವುದನ್ನೂ ಬಿಡಬೇಡ. ಬೆಂಗಳೂರು ಎಫ್‌ಸಿಯಲ್ಲಿ ಆಲ್ಬರ್ಟ್ ರೋಕಾ ಕಾಲದ ಆಟ ನೋಡಿ ಬೆಳೆದ ನಮ್ಮ ಇಂಜಿನಿಯರಿಂಗ್ ಹುಡುಗರಿಗೆ ಇದು ಹಿಡಿಸಲ್ಲ. ಆದರೆ ಏಷ್ಯನ್ ಕಪ್ ಅರ್ಹತಾ ಸುತ್ತಿನ ಎರಡು ಪಂದ್ಯದಲ್ಲಿ ಒಂದೂ ಗೋಲು ಹೊಡೆಯದ, ಒಂದೇ ಅಂಕ ಇದ್ದ ತಂಡಕ್ಕೆ ಆಗ ಚೆಂದದ ಆಟ ಬೇಕಿತ್ತಾ, ಅಂಕ ಬೇಕಿತ್ತಾ? ನಮ್ಮ ಗುಂಪಿನಿಂದ ಒಂದೇ ತಂಡ ಏಷ್ಯನ್ ಕಪ್‌ಗೆ ಹೋಗಬೇಕಿತ್ತು. ಹಾಂಗ್‌ಕಾಂಗ್, ಸಿಂಗಪುರ ಇಬ್ಬರಿಗೂ ಆಗಲೇ ನಾಲ್ಕು ಅಂಕ ಇತ್ತು.

ಸ್ಟ್ರೈಕರ್ ವಿಷಯ ಬೇರೆ. ನಮ್ಮ ಗೋಲು ಹೊಡೆಯುವ ಸುನಿಲ್ ಚೆಟ್ರಿ 2024ರ ಜೂನ್‌ನಲ್ಲಿ ನಿವೃತ್ತಿಯಾಗಿ 2025ರ ಮಾರ್ಚ್‌ನಲ್ಲಿ ವಾಪಸ್ ಬರಬೇಕಾಯಿತು. ಕ್ಲಬ್‌ಗಳು ಆ ಜಾಗಕ್ಕೆ ವಿದೇಶದವರನ್ನೇ ಇಟ್ಟುಕೊಂಡರೆ ಈ ಮೂವರಲ್ಲಿ ಯಾರು ಬಂದರೂ ಸ್ಟ್ರೈಕರ್ ಹುಟ್ಟಲ್ಲ.

ಭಾರತದವರು ಕೋಚ್ ಆದರೆ ಆಟಗಾರರು ಮಾತು ಕೇಳಲ್ಲ ಅಂತ ಒಂದು ಮಾತಿದೆ. ಇದಕ್ಕೆ ನನ್ನ ಹತ್ತಿರ ಕಣ್ಣಾರೆ ಕಂಡ ಉತ್ತರ ಇದೆ. 2023ರ ಜುಲೈ 4, ಕಂಠೀರವ ಕ್ರೀಡಾಂಗಣ, ದಕ್ಷಿಣ ಏಷ್ಯಾದ ಟೂರ್ನಿ ಸ್ಯಾಫ್‌ನ ಫೈನಲ್. ಬೆಳಗಿನ ರೈಲು ಹಿಡಿದು ನಾನೂ ಗೆಳೆಯನೂ ಬೆಂಗಳೂರಿಗೆ ಹೋಗಿದ್ದೆವು. ಕುವೈತ್ ಮೊದಲು ಗೋಲು ಹೊಡೆಯಿತು, ಛಾಂಗ್ಟೆ ಸಮ ಮಾಡಿದ, ಶೂಟೌಟ್‌ನಲ್ಲಿ ಗುರ್‌ಪ್ರೀತ್ ತಡೆದ. ಅವತ್ತು ಗೆರೆಯ ಪಕ್ಕ ನಿಂತು ತಂಡ ನಡೆಸಿದ್ದು ಆಗಿನ ಕೋಚ್ ಇಗೊರ್ ಸ್ಟಿಮಾಚ್ ಅಲ್ಲ. ರೆಡ್ ಕಾರ್ಡ್ ತಿಂದು ಅವರಿಗೆ ನಿಷೇಧ ಇತ್ತು. ನಿಂತಿದ್ದು ಸಹಾಯಕ ಕೋಚ್, ಗೋವಾದ ಮಹೇಶ್ ಗಾವ್ಳಿ. ಲೆಬನಾನ್ ಎದುರಿನ ಸೆಮಿಫೈನಲ್ ಗೆದ್ದಾಗಲೂ ಅವರೇ. ಆಟಗಾರರು ಮಾತು ಕೇಳಿದರು, ಗೆದ್ದರು.

ರಾಜ್ಯದ ಲೆಕ್ಕಕ್ಕೆ ಬಂದರೂ ಅಷ್ಟೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ತಂಡದ ಕೋಚ್ ಕೂಡ ಇಲ್ಲಿಯವರೇ. 1962ರ ಏಷ್ಯನ್ ಗೇಮ್ಸ್ ಚಿನ್ನ ತಂದವರು ಹೈದರಾಬಾದಿನ ರಹೀಮ್ ಸಾಹೇಬರು, ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ಕಾಯಂ ಆಗಿ ಭಾರತದ ಕೋಚ್ ಒಬ್ಬರಿಗೆ ತಂಡ ಕೊಟ್ಟಿದ್ದು 2011-12ರಲ್ಲಿ ಸಾವಿಯೊ ಮೆಡೀರಾಗೇ ಕೊನೆ. ಆಮೇಲೆ 2025ರವರೆಗೆ ಬಂದವರೆಲ್ಲ ಹೊರಗಿನವರೇ.

ಒಂದು ಮಾತು ಮಾತ್ರ ನನ್ನನ್ನು ಆಗ ಚುಚ್ಚುತ್ತಿತ್ತು. "ಫೆಡರೇಶನ್ ಹತ್ರ ರೊಕ್ಕ ಇಲ್ಲ, ಐಎಸ್‌ಎಲ್ಲೇ ನಿಂತೈತಿ, ಅದಕ್ಕೇ ಖಾಲಿದ್" ಅಂತ ಸುಮಾರು ಜನ ಹೇಳುತ್ತಿದ್ದರು. ಐಎಸ್‌ಎಲ್ ಆಗ ನಿಂತಿದ್ದು ನಿಜ. ಆದರೆ ಎರಡು ವರ್ಷ ಸತತ ಫೆಡರೇಶನ್‌ನಿಂದಲೇ ವರ್ಷದ ಕೋಚ್ ಪ್ರಶಸ್ತಿ ತೆಗೆದುಕೊಂಡವರನ್ನು ಅಗ್ಗಕ್ಕೆ ಸಿಕ್ಕರು ಅಂತ ಆರಿಸಬಾರದು, ಹಾಗಂತ ಅವರ ಮುಂದೆ ಯಾರೂ ಹೇಳಲೂಬಾರದು. ಹೊರಗಿನಿಂದ ಬಂದವರಿಗೆ ಕೊಡುವಷ್ಟೇ ಸಹಾಯಕರು, ಅಷ್ಟೇ ಕ್ಯಾಂಪ್, ಅಷ್ಟೇ ಗೌರವ ಖಾಲಿದ್‌ಗೂ ಸಿಗಬೇಕು. ಮುಖ್ಯವಾಗಿ ಅಷ್ಟೇ ಸಮಯ. ಸ್ಟಿಮಾಚ್‌ಗೆ ಐದು ವರ್ಷ ಕೊಟ್ಟೆವು, ಅಲ್ವಾ?

2025ರ ಅಕ್ಟೋಬರ್ 9ಕ್ಕೆ ಸಿಂಗಪುರದಲ್ಲಿ ಪಂದ್ಯ ಇತ್ತು, 14ಕ್ಕೆ ಅವರೇ ಇಲ್ಲಿಗೆ ಬರುವವರಿದ್ದರು. ಎರಡೂ ಗೆಲ್ಲಬೇಕು ಅಂತ ಎಲ್ಲರಿಗಿಂತ ಜಾಸ್ತಿ ಆಸೆ ನನಗಿತ್ತು. ಖಾಲಿದ್ ಬಂದು ಎರಡೂ ಸೋತರೂ ನಾನು ಮಂಡಕ್ಕಿ ಅಂಗಡಿಯಲ್ಲಿ ಅವರ ಪರವಾಗಿಯೇ ಕೂರುತ್ತೇನೆ. ಫೆಡರೇಶನ್‌ನವರೂ ಕನಿಷ್ಠ ಎರಡು ವರ್ಷ ಅವರನ್ನು ಮುಟ್ಟದೆ ಬಿಡಬೇಕು.