ಕನ್ನಡದಲ್ಲಿ ಈ ವರ್ಷ ನೋಡುವಂಥದ್ದು ಏನಿತ್ತು?

ಡಿಸೆಂಬರ್ ಬಂದರೆ ನಮ್ಮ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಈ ಪ್ರಶ್ನೆ ಏಳುತ್ತದೆ. ನಾಟಕ, ಸಿನಿಮಾ ಎಂದು ಓಡಾಡುವವಳು ಶಾಖೆಯಲ್ಲಿ ನಾನೊಬ್ಬಳೇ ಆದ್ದರಿಂದ ಎಲ್ಲರೂ ನನ್ನ ಕಡೆಗೇ ತಿರುಗುತ್ತಾರೆ. 'ಮೇಡಂ, ಕನ್ನಡದಲ್ಲಿ ಈ ವರ್ಷ ನೋಡುವಂಥದ್ದು ಏನಿತ್ತು ಹೇಳಿ?' ಏನೂ ಇರಲಿಲ್ಲ ಎಂಬ ಉತ್ತರ ಆ ಕೇಳುವ ಧಾಟಿಯಲ್ಲೇ ಇರುತ್ತದೆ. 2024ರ ಮಟ್ಟಿಗಂತೂ ಅದನ್ನು ತೀರ್ಪಿನ ಹಾಗೆ ಹೇಳಿದವರೇ ಹೆಚ್ಚು. 'ಮಂಜುಮ್ಮೆಲ್ ಬಾಯ್ಸ್' ನೋಡಿ ಬೆರಗಾದವರು, 'ಪ್ರೇಮಲು' ನೋಡಿ ನಕ್ಕು ಬಂದವರು, ಸಿನಿಮಾ ಮಾಡುವುದನ್ನು ಮಲಯಾಳದವರಿಂದ ಕಲಿಯಬೇಕು ಎಂದು ಹೇಳಿ ಮೊಸರನ್ನದ ಡಬ್ಬಿ ಮುಚ್ಚಿಬಿಡುತ್ತಾರೆ.

ನನ್ನ ಉತ್ತರ ಇಷ್ಟೇ: ಇತ್ತು. ಆದರೆ ಒಂದು ವಾರ ಮಾತ್ರ ಇತ್ತು, ಕೆಲವು ಸಲ ಅದೂ ಇಲ್ಲ. 'ನೋಡೋಣ' ಎಂದು ನೀವು ಹೇಳುವಷ್ಟರಲ್ಲಿ ಹೋಯಿತು. ಊಟದ ಹೊತ್ತಿನಲ್ಲಿ ಹೀಗೆಂದರೆ ಜಗಳವಾಗುತ್ತದೆ, ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಪಾಲಿಗೆ ಈ ವರ್ಷದ ದೊಡ್ಡ ಸಂಗತಿ ನಾಟಕವೂ ಅಲ್ಲ, ಸಿನಿಮಾವೂ ಅಲ್ಲ. ಅವ್ವ ಕೊಪ್ಪಳ ಜಿಲ್ಲೆಯ ಕುಷ್ಟಗಿಯ ಮನೆಗೆ ಬೀಗ ಹಾಕಿ ಮೈಸೂರಿಗೆ ನಮ್ಮ ಜೊತೆ ಇರಲು ಬಂದಳು. ಬರುವ ಮುಂಚೆ ಒಂದು ಷರತ್ತು ಹಾಕಿದ್ದಳು: ಬನಶಂಕರಿ ಜಾತ್ರೆ ಮುಗಿಸಿಕೊಂಡೇ ಬರುವುದು. ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ಈ ಸಲ ಅದು ಜನವರಿ 25ಕ್ಕೆ ಬಿದ್ದಿತ್ತು. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ಅದಕ್ಕೆ ಮುಖ್ಯ ಕಾರಣ ಅಲ್ಲಿ ಬೀಡುಬಿಡುವ ನಾಟಕ ಕಂಪನಿಗಳು. ಸಾಲಾಗಿ ತಗಡಿನ ಥಿಯೇಟರುಗಳು, ಬಣ್ಣದ ದೀಪಗಳು, ಒಂದು ಕಂಪನಿಯ ಮೈಕು ಇನ್ನೊಂದರ ಮೈಕನ್ನು ಮೀರಿಸುವ ಅಬ್ಬರ. ಸಂಜೆ ಶುರುವಾದರೆ ಬೆಳಗಿನ ಜಾವದವರೆಗೆ ಒಂದರ ಹಿಂದೆ ಒಂದು ಪ್ರದರ್ಶನ. ದೇವಸ್ಥಾನದ ಎದುರು ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಮೊಸರು ತಿಂದು ನಾವು ಒಳಗೆ ಹೋಗಿ ಕುಳಿತೆವು.

ನಾಟಕ ಹೇಗಿತ್ತು? ಕಥೆಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಗೌಡ, ಗೌಡನ ದುಂದುಗಾರ ಮಗ, ಬಡವರ ಮನೆಯ ಹುಡುಗಿ, ನಡುನಡುವೆ ಸಿನಿಮಾ ಹಾಡಿಗೆ ಕುಣಿತ. ಹಾಸ್ಯನಟ ದ್ವಂದ್ವಾರ್ಥದ ಮಾತೊಂದನ್ನು ಎಸೆದಾಗ ಅವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು, ಆಮೇಲೆ ನಾನು ನೋಡಿದೆನೇ ಎಂದು ಓರೆಗಣ್ಣಿನಲ್ಲಿ ಪರೀಕ್ಷಿಸಿದಳು. ನಮ್ಮ ಹವ್ಯಾಸಿ ರಂಗಭೂಮಿಯ ಗೆಳೆಯರು ಕಂಪನಿ ನಾಟಕ ಎಂದರೆ ಮೂಗು ಮುರಿಯುತ್ತಾರೆ. ಆದರೆ ಅನುದಾನ, ಪ್ರಾಯೋಜಕ ಎಂಬ ಯಾವ ಊರುಗೋಲೂ ಇಲ್ಲದೆ, ಬಾಗಿಲಲ್ಲಿ ಹರಿದ ಟಿಕೆಟಿನ ದುಡ್ಡಿನಲ್ಲೇ ಹೊಟ್ಟೆ ಹೊರೆಯುವ ಕನ್ನಡ ರಂಗಭೂಮಿ ಬಹುಮಟ್ಟಿಗೆ ಇದೊಂದೇ. ಚಳಿಯ ನಡುರಾತ್ರಿಯಲ್ಲೂ ಕುರ್ಚಿಗಳು ತುಂಬಿದ್ದವು. ನಾಳೆ ನೋಡೋಣ ಎಂದುಕೊಂಡವರು ಅಲ್ಲಿ ಯಾರೂ ಇರಲಿಲ್ಲ. ಜಾತ್ರೆ ಮುಗಿದರೆ ಕಂಪನಿ ಗಾಡಿ ಕಟ್ಟಿ ಮುಂದಿನ ಊರಿಗೆ ಹೊರಡುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಸಿನಿಮಾಕ್ಕೆ ಈ ಗಡುವಿನ ಭಯ ಹೋಗಿಬಿಟ್ಟಿದೆ. ಫೆಬ್ರವರಿ 16ರಂದು 'ಶಾಖಾಹಾರಿ' ಬಂತು. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಮೆದು ಸ್ವಭಾವದ ಸುಬ್ಬಣ್ಣ, ಅವನ ಅಡುಗೆಮನೆಗೆ ಬಂದು ಬೀಳುವ ಅಪರಾಧ. ಸಂದೀಪ್ ಸುಂಕದ ಅವರ ಈ ಚಿತ್ರದಲ್ಲಿ ರಂಗಾಯಣ ರಘು ಎಷ್ಟು ಅಬ್ಬರವಿಲ್ಲದೆ ನಟಿಸುತ್ತಾರೆಂದರೆ, ಇಷ್ಟು ವರ್ಷ ಅವರಿಂದ ಬರೀ ಕೂಗಾಟ ಮಾಡಿಸಿದ ನಿರ್ದೇಶಕರ ಮೇಲೆ ಸಿಟ್ಟು ಬರುತ್ತದೆ. ಮೈಸೂರಿನವರಿಗೆ ಇದು ಹೊಸದಲ್ಲ, ಬಿ.ವಿ. ಕಾರಂತರು 1989ರಲ್ಲಿ ಇಲ್ಲಿ ಕಟ್ಟಿದ ರಂಗಾಯಣ ಎಂಬ ನಾಟಕ ಸಂಸ್ಥೆಯ ಮೊದಲ ತಂಡದ ನಟ ಏನು ಬಲ್ಲ ಎಂದು ನಮ್ಮ ಹಿರಿಯರು ಆಗಲೇ ನೋಡಿದ್ದಾರೆ. ನನ್ನ ಸಹೋದ್ಯೋಗಿಗಳು 'ಶಾಖಾಹಾರಿ'ಯನ್ನು ಹೊಗಳಿದ್ದು ಎರಡು ಮೂರು ತಿಂಗಳ ಮೇಲೆ, ಅದು ಮೊಬೈಲಿಗೆ ಬಂದಾಗ. 'ಇದು ಯಾವಾಗ ಬಂದಿತ್ತು? ಗೊತ್ತೇ ಆಗಲಿಲ್ಲ!' ಗೊತ್ತಾಗಿತ್ತು. ನಾನೇ ಹೇಳಿದ್ದೆ.

ಶಿವರಾತ್ರಿಯ ದಿನ, ಮಾರ್ಚ್ 8ಕ್ಕೆ, ಶ್ರೀನಿಧಿ ಬೆಂಗಳೂರು ಅವರ 'ಬ್ಲಿಂಕ್'. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ, ಅದರ ಮೇಲೆ ಈಡಿಪಸ್ ನಾಟಕದ ನೆರಳು. ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ತಲೆ ಉಪಯೋಗಿಸಿದ ಚಿತ್ರವನ್ನು ನಾನು ಇತ್ತೀಚೆಗೆ ನೋಡಿಲ್ಲ. ಮುಂದಿನ ಶುಕ್ರವಾರವೇ ಉತ್ಸವ್ ಗೋನವಾರ ಅವರ 'ಫೋಟೋ', ಮಲೆನಾಡಿನ ಮೀನು ಬೇಟೆಯ ಸುತ್ತ ಹೆಣೆದ 'ಕೆರೆಬೇಟೆ', ಎರಡೂ ಒಟ್ಟಿಗೆ. ಅದೇ ವಾರ ಪುನೀತ್ ಹುಟ್ಟುಹಬ್ಬಕ್ಕೆಂದು 'ಜಾಕಿ'ಯ ಮರುಬಿಡುಗಡೆ. ಅಭಿಮಾನದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಹಾಡುಗಳೆಲ್ಲ ಬಾಯಿಪಾಠವಾದ ಚಿತ್ರಕ್ಕೆ ಶಿಳ್ಳೆ ಹೊಡೆಯಲು ಜನ ಸೇರುತ್ತಾರೆ, ಹೊಸ ಚಿತ್ರದ ಎದುರು ಖಾಲಿ ಕುರ್ಚಿಗಳಿರುತ್ತವೆ ಎಂಬುದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ.

'ಫೋಟೋ' ನೋಡಲು ನಾನು ಪಟ್ಟ ಪಾಡು ಬೇರೆ. ಮಲ್ಟಿಪ್ಲೆಕ್ಸ್ ಒಂದಕ್ಕೆ ಹೋದರೆ, ಟಿಕೆಟ್ ಕೊಂಡವರು ತೀರಾ ಕಡಿಮೆ, ಪ್ರದರ್ಶನ ರದ್ದು ಎಂದರು. ದುಡ್ಡು ವಾಪಸಾಗುತ್ತದೆ ಮೇಡಂ ಎಂದು ಸಮಾಧಾನವನ್ನೂ ಹೇಳಿದರು. ಮರುದಿನ ಪಕ್ಕದ ಮನೆಯ ಕಾಲೇಜು ಹುಡುಗರನ್ನು ನನ್ನ ಖರ್ಚಿನಲ್ಲೇ ಎಳೆದುಕೊಂಡು ಹೋಗಿ ಸಂಖ್ಯೆ ತುಂಬಿಸಿದೆ. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಹತ್ತಿರ ಬರುತ್ತಾನೆ, 2020ರ ಲಾಕ್‌ಡೌನ್ ಬೀಳುತ್ತದೆ, ಅಪ್ಪ ಮಗ ಊರಿನ ಕಡೆ ನಡೆಯಲು ಹೊರಡುತ್ತಾರೆ. ಅಪ್ಪನಾಗಿರುವವರು ರಂಗಭೂಮಿಯ ಮಹಾದೇವ ಹಡಪದ. ಪಾಪ್‌ಕಾರ್ನ್ ಆಸೆಗೆ ಬಂದಿದ್ದ ಹುಡುಗರು ವಾಪಸು ಬರುವಾಗ ಆಟೋದಲ್ಲಿ ಮೊಬೈಲ್ ತೆಗೆಯಲಿಲ್ಲ. ಅವರಲ್ಲೊಬ್ಬ ಈಗ ನಾನು ಹೇಳದೆಯೇ ಇಂಥ ಚಿತ್ರಗಳ ಸುದ್ದಿ ತರುತ್ತಾನೆ. ವರ್ಷದ ನನ್ನ ಸಂಪಾದನೆಯಲ್ಲಿ ಇದನ್ನೂ ಸೇರಿಸಬೇಕು.

ಜೂನ್ 14ಕ್ಕೆ 'ಶಿವಮ್ಮ ಯರೇಹಂಚಿನಾಳ' ಬಂತು. ನನ್ನನ್ನು ಕೇಳಿದರೆ ವರ್ಷದ ಚಿತ್ರ ಇದೇ. ಜೈಶಂಕರ್ ಆರ್ಯರ್ ಇದಕ್ಕೆ 2022ರಲ್ಲೇ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿದ್ದರು. ದಕ್ಷಿಣ ಕೊರಿಯಾದವರು ನೋಡಿ ಮೆಚ್ಚಿದ ಮೇಲೆ ಕೊಪ್ಪಳದ ಕಥೆ ಮೈಸೂರಿಗೆ ತಲುಪಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. ಬಂದದ್ದಾದರೂ ಯಾವ ವಾರ! ನಟನೊಬ್ಬನ ಬಂಧನದ ಸುದ್ದಿಯಲ್ಲಿ ಟಿವಿಗಳೆಲ್ಲ ಮುಳುಗಿ, ಕನ್ನಡ ಚಿತ್ರರಂಗ ಎಂದರೆ ಪೊಲೀಸ್ ಠಾಣೆ ಎಂಬಂತಾಗಿದ್ದ ವಾರ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಮ್ಮ, ಮಗಳ ಮದುವೆಗೆಂದು ಇಟ್ಟ ಹಣವನ್ನು ಮನೆಮನೆಗೆ ಮಾರುವ ಆರೋಗ್ಯ ಪಾನೀಯದ ಜಾಲಕ್ಕೆ ಸುರಿಯುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಊರು ನಗುತ್ತದೆ, ಅವಳು ಬಗ್ಗುವುದಿಲ್ಲ. ಹಳ್ಳಿಯ ಜನರೇ ನಟಿಸಿದ್ದಾರೆ. ಶರಣಮ್ಮ ಚೆಟ್ಟಿ ಅವರನ್ನು ನೋಡುತ್ತಿದ್ದರೆ ಇದು ನಟನೆ ಎಂಬುದೇ ಮರೆಯುತ್ತದೆ. ಈ ಚಿತ್ರ ಶಿವಮ್ಮನನ್ನು ಪಾಪದವಳನ್ನಾಗಿ ಮಾಡುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ಆಕೆ ಹಟಮಾರಿ, ಸ್ವಲ್ಪ ದುರಾಸೆಯವಳು, ಮೊಂಡು ಆಶಾವಾದಿ. ಬಡವರನ್ನು ತೋರಿಸುವಾಗ ನಮ್ಮ ಪ್ರಶಸ್ತಿ ಚಿತ್ರಗಳು ಅವರಿಗೆ ಇಷ್ಟು ಗುಣದೋಷಗಳನ್ನು ಕೊಡುವುದು ಅಪರೂಪ.

ಅವ್ವ ಜೊತೆಗಿದ್ದಳು. ತಮ್ಮ ಸೀಮೆಯ ಮಾತು ಮೈಸೂರಿನ ಪರದೆಯ ಮೇಲೆ ಕೇಳಿ ಮೊದಲು ಹಿಗ್ಗಿದಳು, ಆಮೇಲೆ ಗಂಭೀರವಾದಳು. ಹೊರಗೆ ಬಂದ ಮೇಲೆ, 'ನಮ್ಮ ಓಣಿಯಲ್ಲೂ ಒಬ್ಬಳಿದ್ದಳು. ಪಾಪ, ಬಿಡಲೇ ಇಲ್ಲ, ಒಂದು ಡಬ್ಬಿ ತೆಗೆದುಕೊಂಡೆ. ಅಟ್ಟದ ಮೇಲೆ ಇನ್ನೂ ಇದೆ' ಎಂದಳು. ಕುಡಿದಳೇ ಎಂದು ಕೇಳಿದೆ. 'ಹುಚ್ಚೇ ನಿನಗೆ?' ಎಂದಳು.

ನಾಟಕದ ಕಡೆ ಬರುತ್ತೇನೆ. ಮಾರ್ಚಿನಲ್ಲಿ ರಂಗಾಯಣದ ಬಹುರೂಪಿ ನಾಟಕೋತ್ಸವ ನಡೆಯಿತು, ಬಸವಣ್ಣನವರ 'ಇವ ನಮ್ಮವ' ಎಂಬ ಮಾತನ್ನು ಶೀರ್ಷಿಕೆಯಾಗಿ ಇಟ್ಟುಕೊಂಡು. ಅಲ್ಲಿನ ರಂಗಮಂದಿರಗಳಾದ ಭೂಮಿಗೀತದಲ್ಲಿ ಒಂದು, ವನರಂಗದಲ್ಲಿ ಇನ್ನೊಂದು ನಾಟಕ ಎಂದು ಓಡಾಡಿದ್ದೇ ಒಂದು ಸುಖ. ಬೇಸಿಗೆಯಲ್ಲಿ ಮಗಳು ಅಲ್ಲೇ ಮಕ್ಕಳ ಶಿಬಿರ ಚಿಣ್ಣರ ಮೇಳಕ್ಕೆ ಹೋಗಿ, ಕೊನೆಯ ದಿನದ ನಾಟಕದಲ್ಲಿ ಮರವಾಗಿ ನಿಂತಳು. ಮರಕ್ಕೆ ಮಾತಿಲ್ಲದಿದ್ದರೂ ಎರಡು ಸಾಲು ತಾನೇ ಸೇರಿಸಿಕೊಂಡಳು. ಶರತ್ಕಾಲದಲ್ಲಿ ಹೆಗ್ಗೋಡಿನ ನೀನಾಸಂ ತಿರುಗಾಟ, ಎಂದಿನಂತೆ ಎರಡು ನಾಟಕ ಹೊತ್ತು ಹೊರಟಿತು. 1985ರಿಂದ ಊರೂರು ಸುತ್ತುತ್ತಿರುವ ಈ ತಂಡ ಬಂದ ದಿನ ನಮ್ಮ ಮನೆಯಲ್ಲಿ ಅಡುಗೆ ಇಲ್ಲ.

ಇಲ್ಲಿ ಒಂದು ದೂರನ್ನೂ ಹೇಳಿಬಿಡುತ್ತೇನೆ. ನಾಟಕಕ್ಕೆ ಮುಂಚೆ ನಡೆಯುವ ಸಭಾ ಕಾರ್ಯಕ್ರಮವನ್ನು ಯಾರಾದರೂ ನಿಲ್ಲಿಸಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, 'ಎರಡೇ ಮಾತು' ಎಂದು ಮೈಕು ಹಿಡಿದವರ ಅರ್ಧ ಗಂಟೆ. ಬಣ್ಣ ಹಚ್ಚಿಕೊಂಡ ನಟರು ತೆರೆಯ ಹಿಂದೆ ಬೆವರುತ್ತಿರುತ್ತಾರೆ. ಸಿನಿಮಾಕ್ಕೆ ಜನವಿಲ್ಲ ಎಂದು ಮರುಗುವ ನಾನು, ಜನರನ್ನು ಹೀಗೆ ಓಡಿಸುವ ನಾಟಕದವರನ್ನೂ ಬಿಡಬಾರದಲ್ಲ.

ಬೆಂಗಳೂರಿನ ರಂಗಶಂಕರ ಈ ವಿಷಯದಲ್ಲಿ ಕಟ್ಟುನಿಟ್ಟು. ಏಳೂವರೆ ಎಂದರೆ ಏಳೂವರೆ, ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಅರುಂಧತಿ ನಾಗ್ ಅವರು ಶಂಕರ್ ನಾಗ್ ನೆನಪಿಗೆ ಕಟ್ಟಿಸಿದ ಆ ರಂಗಮಂದಿರಕ್ಕೆ ಅಕ್ಟೋಬರ್‌ನಲ್ಲಿ ಇಪ್ಪತ್ತು ತುಂಬಿತು. ಜುಲೈ ಕಳೆದ ಮೇಲೆ ಅಲ್ಲಿಗೆ ಹೋಗಲು ಮೆಟ್ರೊ ಹತ್ತಿದಾಗ ಎದೆ ಸ್ವಲ್ಪ ಭಾರವಾಯಿತು. ಜುಲೈ 11ರಂದು ತೀರಿಕೊಂಡ ನಿರೂಪಕಿ ಅಪರ್ಣಾ ಅವರ ದನಿ 'ಮುಂದಿನ ನಿಲ್ದಾಣ' ಎನ್ನುತ್ತಲೇ ಇತ್ತು. ಲಾಲ್‌ಬಾಗ್, ಜಯನಗರ ದಾಟಿ 'ಬನಶಂಕರಿ' ಎಂದಾಗ ಅವ್ವ ಬೆಚ್ಚಿ ಕಿಟಕಿಯ ಹೊರಗೆ ನೋಡಿದಳು. ಬೋಗಿಯಲ್ಲಿ ನಕ್ಕವಳು ನಾನೊಬ್ಬಳೇ. ಐವತ್ತು ವರ್ಷ ನಡೆದ ಬೆಂಗಳೂರಿನ ಕಾವೇರಿ ಚಿತ್ರಮಂದಿರ ಮೇ ತಿಂಗಳಲ್ಲಿ ಮುಚ್ಚಿದ ಸುದ್ದಿಯನ್ನೂ ಆ ಪ್ರಯಾಣದಲ್ಲೇ ಮಾತಾಡಿಕೊಂಡೆವು. ಮೈಸೂರಿನ ಶಾಂತಲ 2020ರಲ್ಲೇ ಹೋಗಿತ್ತಾದ್ದರಿಂದ ನಮಗೆ ಆ ಸೂತಕ ಹಳೆಯದು.

ಬೆಂಗಳೂರಿಗೆ ಹೋಗಿ ನೋಡಿದ್ದರಲ್ಲಿ ಇನ್ನೂ ಬಿಡದೆ ಕಾಡುತ್ತಿರುವುದು 'ದಕ್ಲಕಥಾ ದೇವಿಕಾವ್ಯ'. ಕೆ.ಬಿ. ಸಿದ್ದಯ್ಯ ಅವರ ಖಂಡಕಾವ್ಯವನ್ನು ಲಕ್ಷ್ಮಣ್ ಕೆ.ಪಿ. ರಂಗಕ್ಕೆ ತಂದಿದ್ದಾರೆ. ಅಸ್ಪೃಶ್ಯರಿಗೂ ಅಸ್ಪೃಶ್ಯರಾದ ದಕ್ಕಲರ ಲೋಕ, ಅವರ ಹಸಿವು, ಹಾಡು, ದೇವರು, ಕುಡಿತ. ಅರೆ ಮತ್ತು ತಮಟೆ ಎಂಬ ವಾದ್ಯಗಳು ಇಲ್ಲಿ ಹಿನ್ನೆಲೆ ಸಂಗೀತವಲ್ಲ, ಅವೇ ಮುಖ್ಯ ಪಾತ್ರಗಳು. ಕಾವ್ಯ ಎಷ್ಟೋ ಕಡೆ ನನಗೆ ಪೂರ್ತಿ ಎಟುಕಲಿಲ್ಲ, ಆದರೂ ಕುರ್ಚಿಯಲ್ಲಿ ಆರಾಮವಾಗಿ ಒರಗಲು ಆಗಲಿಲ್ಲ. ದಲಿತ ಬದುಕಿನ ನಾಟಕ ಎಂದರೆ ನಮ್ಮಂಥವರು ಕರುಣೆಯನ್ನು ಸಿದ್ಧವಾಗಿಟ್ಟುಕೊಂಡು ಹೋಗಿರುತ್ತೇವೆ. ಆ ನಟರಿಗೆ ಅದು ಬೇಕಿರಲಿಲ್ಲ. ಅವರು ಸಂಭ್ರಮಿಸುತ್ತಿದ್ದರು, ಅಣಕಿಸುತ್ತಿದ್ದರು, ನಮ್ಮನ್ನು ನೇರವಾಗಿ ನೋಡುತ್ತಿದ್ದರು.

ಅವ್ವ ಊಟದ ಹೊತ್ತಿನವರೆಗೂ ಏನೂ ಹೇಳಲಿಲ್ಲ. ಆಮೇಲೆ, 'ನನ್ನ ಮದುವೆಯಲ್ಲಿ ಹಲಗೆ ಬಾರಿಸಿದವರು ಚಪ್ಪರದ ಹೊರಗೆ ಕುಳಿತು ಉಂಡರು. ಎಲ್ಲರ ಊಟ ಮುಗಿದ ಮೇಲೆ. ಯಾರೂ ಅದನ್ನು ನೋಡಲೇ ಇಲ್ಲ' ಎಂದಳು. 'ನೀನು?' ಎಂದೆ. 'ನೋಡಿದ್ದಕ್ಕೇ ಅಲ್ಲವೇ ನೆನಪಿರುವುದು' ಎಂದು ಮಜ್ಜಿಗೆ ಕುಡಿದು ಎದ್ದಳು. ಅವ್ವನ ಮದುವೆಯ ಕಥೆಗಳೆಲ್ಲ ನನಗೆ ಬಾಯಿಪಾಠ. ಇದೊಂದು ಅದರಲ್ಲಿ ಇರಲಿಲ್ಲ.

ನೋಡಲಾಗದೆ ಉಳಿದದ್ದರ ಬಗ್ಗೆಯೂ ಹೇಳಬೇಕು. ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ. ವೈದ್ಯಕೀಯ ಓದಿ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದವರು. ಕೋಳಿ ಕದ್ದೊಯ್ದ ಮುದುಕಿ, ಬೆಳಗಾಗದ ಊರು. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೇ. ಹದಿನಾರು ನಿಮಿಷದ ಚಿತ್ರಕ್ಕೆ ನಮ್ಮ ಚಿತ್ರಮಂದಿರಗಳಲ್ಲಿ ಜಾಗವೇ ಇಲ್ಲ, ಜಾಹೀರಾತುಗಳಿಗೆ ಮಾತ್ರ ಅದಕ್ಕಿಂತ ಹೆಚ್ಚು ಹೊತ್ತು ಇದೆ. ಅವ್ವನಿಗೆ ಈ ಸುದ್ದಿ ಹೇಳಿದಾಗ ಕಥೆಯನ್ನು ತಾನೇ ಹೇಳಿದಳು. ಅವಳ ಕಥೆಯಲ್ಲಿ ತಪ್ಪು ಮುದುಕಿಯದಲ್ಲ, ಊರಿನವರದು.

ಹೀಗೆಲ್ಲ ಇದ್ದರೂ, ಅವ್ವನನ್ನೇ ಕೇಳಿದರೆ ವರ್ಷದ ಚಿತ್ರ 'ಮ್ಯಾಕ್ಸ್'. ಕ್ರಿಸ್‌ಮಸ್ ದಿನ ಬಿಡುಗಡೆಯಾಯಿತು, ಆ ವಾರವೇ ಹೋಗಬೇಕೆಂದು ಹಟ ಹಿಡಿದಳು. ಒಂದೇ ರಾತ್ರಿಯಲ್ಲಿ ನಡೆಯುವ ಕಥೆ, ಸುದೀಪ್ ಪೊಲೀಸ್ ಇನ್‌ಸ್ಪೆಕ್ಟರ್, ಎಣಿಸಲಾಗದಷ್ಟು ಹೊಡೆದಾಟ. ಹಾಲ್ ತುಂಬಿ ತುಳುಕುತ್ತಿತ್ತು, ನಮ್ಮ ಶಾಖೆಯ ಅರ್ಧ ಜನ ಅಲ್ಲೇ ಸಿಕ್ಕರು. ಎರಡನೆಯ ಅರ್ಧ ಎಳೆದಿದ್ದಾರೆ ಎಂದು ನಾನು ಹೇಳಿದೆ. ಒಂದು ನಿಮಿಷವೂ ಎಳೆದಿಲ್ಲ, ನನಗೇ ನೋಡುವ ತಾಳ್ಮೆ ಇಲ್ಲ ಎಂದು ಅವ್ವ ನನ್ನ ಸಹೋದ್ಯೋಗಿಗಳ ಮುಂದೆಯೇ ಹೇಳಿದಳು. ಅವರೆಲ್ಲ ಅವಳ ಪಕ್ಷ.