ಕವಾಯತಿನ ಮಾಸ್ತರರು ಹೇಳಿದ ಸೇವಾದಳ

1960ರ ದಶಕದ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿಯ ನಮ್ಮ ಶಾಲೆಯಲ್ಲಿ ಓದಿದವರಿಗೆ ಕವಾಯತಿನ ಮಾಸ್ತರರು ನೆನಪಿರಲೇಬೇಕು. ನಿವೃತ್ತಿಗೆ ಒಂದೆರಡು ವರ್ಷ ಮಾತ್ರ ಉಳಿದಿದ್ದ ಅವರು ನಮ್ಮ ಸಾಲು ವಕ್ರವಾದರೆ ಬಯ್ಯುತ್ತಿರಲಿಲ್ಲ. ಸಾಲು ನೆಟ್ಟಗಾಗುವವರೆಗೆ ತಾವೂ ಬಿಸಿಲಲ್ಲಿ ನಮ್ಮೊಡನೆ ಸುಮ್ಮನೆ ನಿಂತುಬಿಡುತ್ತಿದ್ದರು. ಅವರು ಹದಿಹರೆಯದಲ್ಲಿ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಹಿಂದುಸ್ತಾನಿ ಸೇವಾದಳವೆಂಬ, ಸ್ವಾತಂತ್ರ್ಯ ಚಳವಳಿಯ ಸ್ವಯಂಸೇವಕ ಪಡೆಯಲ್ಲಿ ಪಳಗಿದವರೆಂಬ ಸಂಗತಿ ನಮಗೆ ತಿಳಿದದ್ದು, ಮಳೆಯಿಂದ ಮೈದಾನ ಕೆಸರಾಗಿ ತರಗತಿಯೊಳಗೆ ಕೂರಬೇಕಾಗಿ ಬಂದ ದಿನಗಳಲ್ಲಿ. ಚರಿತ್ರೆಯ ಪುಸ್ತಕದಲ್ಲಿ ನಾವು ನಾಯಕರ ಭಾಷಣಗಳನ್ನು ಓದುತ್ತಿದ್ದೆವು; ಆ ಭಾಷಣ ಕೇಳಲು ಬಂದ ಸಾವಿರಾರು ಜನರನ್ನು ಕೂರಿಸಿದವರು ಯಾರು, ಆ ಕೆಲಸವನ್ನು ಅವರಿಗೆ ಕಲಿಸಿದವರು ಯಾರು ಎಂಬುದನ್ನು ನಾನು ತಿಳಿದದ್ದು ಕವಾಯತಿನ ತಾಸಿನಲ್ಲಿಯೇ.

ಮಾಸ್ತರರು ಕಥೆಯನ್ನು ಯಾವಾಗಲೂ ನಾಗಪುರದಿಂದ ಆರಂಭಿಸುತ್ತಿದ್ದರು. 1923ರಲ್ಲಿ ಅಲ್ಲಿ ನಡೆದ ಧ್ವಜ ಸತ್ಯಾಗ್ರಹಕ್ಕೆ ದೇಶದ ನಾನಾ ಕಡೆಗಳಿಂದ ಜನ ಹೋಗಿ ಬಂಧಿತರಾದರು. ಉತ್ಸಾಹದಿಂದ ಹೋದವರಲ್ಲಿ ಹಲವರು ಜೈಲಿನ ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರೆ, ಹರ್ಡೀಕರರು ಕಟ್ಟಿದ್ದ ಹುಬ್ಬಳ್ಳಿ ಸೇವಾ ಮಂಡಲದ ತಂಡ ಮಾತ್ರ ಕದಲಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಧೈರ್ಯವಲ್ಲ, ತಾಲೀಮು ಎಂಬುದು ಕಾಂಗ್ರೆಸ್ಸಿನ ಹಿರಿಯರ ಗಮನಕ್ಕೆ ಬಂದದ್ದರಿಂದಲೇ ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಇಡೀ ದೇಶಕ್ಕೊಂದು ಸ್ವಯಂಸೇವಕ ದಳವಾಗಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರು ಅದರ ಮೊದಲ ಅಧ್ಯಕ್ಷರಾದರು. ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತ ರಾಯರ ಜೊತೆ ಹೋಮ್‌ರೂಲ್ ಪ್ರಚಾರದಲ್ಲಿ ದುಡಿದು 1921ರಲ್ಲಿ ಮರಳಿದ್ದ ಹರ್ಡೀಕರರಂಥ ವೈದ್ಯರೊಬ್ಬರು ಔಷಧಿಯ ಪೆಟ್ಟಿಗೆಗಿಂತ ಹೆಚ್ಚಾಗಿ ಸೀಟಿಯನ್ನು ನೆಚ್ಚಿಕೊಂಡದ್ದು ನನಗೆ ಇಂದಿಗೂ ಸೋಜಿಗವೆನಿಸುತ್ತದೆ.

ಶಿಬಿರದಲ್ಲಿ ಕಲಿಸುತ್ತಿದ್ದುದೇನು ಎಂದು ಕೇಳಿದರೆ ಮಾಸ್ತರರ ಉತ್ತರ ನಮ್ಮ ಬಾಲಕಲ್ಪನೆಗೆ ನಿರಾಸೆ ತರುವಂತಿತ್ತು. ನಸುಕಿನಲ್ಲಿ ಏಳುವುದು, ಪ್ರಭಾತಫೇರಿಯಲ್ಲಿ ಹಾಡುತ್ತ ಓಣಿ ಸುತ್ತುವುದು, ಕವಾಯತು, ತಕಲಿಯ ಮೇಲೆ ನೂಲುವುದು, ಮೂರ್ಛೆ ಹೋದವರನ್ನು ಎತ್ತಿ ನೆರಳಿಗೆ ಒಯ್ಯುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು, ಕಕ್ಕಸಿಗೆ ಗುಂಡಿ ತೋಡಿ ಮಣ್ಣು ಮುಚ್ಚುವುದು. ಭಾಷಣಕ್ಕಿಂತ ಮನೆಬಾಗಿಲಲ್ಲಿ ನಿಂತು ಆಡುವ ನಾಲ್ಕು ಮಾತಿಗೆ ಅಲ್ಲಿ ಹೆಚ್ಚು ಬೆಲೆಯಿತ್ತಂತೆ. ಹಳ್ಳಿಗೆ ಹೋದ ಹುಡುಗ ಮೊದಲು ಸುಗ್ಗಿಯ ವಿಚಾರ ಕೇಳಬೇಕು, ಕಂದಾಯದ ಮಾತು ತಾನಾಗಿ ಬಂದ ಮೇಲೆ ಸ್ವರಾಜ್ಯದ ಮಾತು ತೆಗೆಯಬೇಕು, ಕೊಟ್ಟ ಒಂದಾಣೆ ವಂತಿಗೆಗೂ ರಸೀದಿ ಹರಿದುಕೊಡಬೇಕು ಎಂದು ಅವರಿಗೆ ತಾಕೀತು ಮಾಡಲಾಗುತ್ತಿತ್ತು. ಎಲ್ಲಕ್ಕಿಂತ ಕಠಿಣವಾದ ಪಾಠ ಹೆಂಡದಂಗಡಿಯ ಮುಂದೆ ಪಿಕೆಟಿಂಗಿಗೆ, ಅಂದರೆ ಗಿರಾಕಿಗಳನ್ನು ತಡೆಯಲು, ನಿಲ್ಲುವವರದು. ಶಿಬಿರದ ಹುಡುಗರಲ್ಲೇ ಒಬ್ಬ ಕುಡುಕನಾಗಿ, ಇನ್ನೊಬ್ಬ ಪೊಲೀಸನಾಗಿ ಎದುರು ನಿಂತು ಬಾಯಿಗೆ ಬಂದಂತೆ ಬಯ್ಯುವಾಗ, ಉಳಿದವರು ಕೈ ಎತ್ತದೆ, ನಗದೆ, ತಲೆ ತಗ್ಗಿಸದೆ ನಿಲ್ಲಬೇಕಿತ್ತು. “ಹೊಡೀಲಿಕ್ಕೆ ಯಾರೂ ಕಲಿಸಬೇಕಾಗಿಲ್ಲ ತಮ್ಮಾ, ಹೊಡಿಸಿಕೊಂಡು ಸಾಲು ಬಿಡದ ನಿಲ್ಲೋದನ್ನ ಕಲೀಬೇಕಾಗ್ತದ” ಎಂದು ಅವರು ಹೇಳಿದಾಗ ಹಿಂದಿನ ಬೆಂಚಿನಲ್ಲಿ ನಕ್ಕವರ ಪೈಕಿ ನಾನೂ ಒಬ್ಬ.

ಈ ತಾಲೀಮಿಗೆ ದೊಡ್ಡ ಪರೀಕ್ಷೆ ಎದುರಾದದ್ದು 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದೆಂಬುದು ಎಲ್ಲರಿಗೂ ಗೊತ್ತು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಬಿಡಾರವೇ ಎದ್ದಿತು; ನೀರಿಗಾಗಿ ತೋಡಿದ ಬಾವಿ ಇಂದಿಗೂ ಅಲ್ಲಿದೆ. ಆದರೆ ನಮ್ಮ ಮಾಸ್ತರರಿಗೆ ನೆನಪಿದ್ದುದು ವೇದಿಕೆಯಲ್ಲ. ಅವರ ಪಾಲಿಗೆ ಬಂದದ್ದು ನೀರಿನ ಸರದಿ ಮತ್ತು ರಾತ್ರಿಯ ಪಹರೆ. ಗಾಂಧೀಜಿಯವರ ಭಾಷಣ ನಡೆಯುವಾಗ ಅವರು ಮಂಟಪಕ್ಕೆ ಬೆನ್ನು ಮಾಡಿ ಜನರತ್ತ ಮುಖಮಾಡಿ ನಿಂತಿದ್ದರಂತೆ. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಅಲ್ಲಿ ಹಾಡಿದ್ದನ್ನು ದೂರದಿಂದ ಕೇಳಿದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು.

ಉಮಾಬಾಯಿ ಕುಂದಾಪುರರ ಮಾತು ಬಂದಾಗ ಮಾತ್ರ ಅವರು ಅವಸರ ಮಾಡುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ ಉಮಾಬಾಯಿಯವರು ಮಾವ ಆನಂದರಾಯರ ಬೆಂಬಲದಿಂದ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲ ಕಟ್ಟಿ, ತಿಲಕ್ ಕನ್ಯಾಶಾಲೆಯನ್ನು ನಡೆಸುತ್ತ, ಸೇವಾದಳದ ಮಹಿಳಾ ವಿಭಾಗದ ಹೊಣೆ ಹೊತ್ತರು. ಬೆಳಗಾವಿಗೆ ಅವರು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಿದ್ಧಪಡಿಸಿದರೆಂದು ದಾಖಲಾಗಿದೆ. ಮನೆಮನೆಗೆ ಹೋಗಿ, ಅತ್ತೆಯಂದಿರನ್ನೂ ಮಾವಂದಿರನ್ನೂ ಒಪ್ಪಿಸಿ, ಅಂಗಳ ದಾಟದ ಹೆಂಗಸರನ್ನು, ಅವರಲ್ಲಿಯೂ ವಿಧವೆಯರನ್ನು, ಬಯಲಲ್ಲಿ ಸಾಲಾಗಿ ನಿಲ್ಲಿಸಿದ ಆ ಕೆಲಸವನ್ನು ನಾನು ಗಂಡಸರ ಕವಾಯತಿಗಿಂತ ದೊಡ್ಡದೆಂದು ತಿಳಿಯುತ್ತೇನೆ. 1932ರಲ್ಲಿ ಅವರು ಯರವಡಾ ಜೈಲಿನಲ್ಲಿದ್ದರು. ಬಿಡುಗಡೆಯಾದ ಮೇಲೆ, ಸೆರೆಯಿಂದ ಹೊರಬಂದು ಎಲ್ಲಿಗೂ ಹೋಗಲಾರದ ಹೆಂಗಸರಿಗೆ ತಮ್ಮ ಮನೆಯಲ್ಲೇ ಆಸರೆ ಕೊಟ್ಟು, ಬಟ್ಟೆ ಮತ್ತು ಪ್ರಯಾಣದ ಹಣ ಹೊಂದಿಸಿ ಊರಿಗೆ ಕಳಿಸುತ್ತಿದ್ದರು.

ಸೇವಾದಳದ ಬಗ್ಗೆ ಆಕ್ಷೇಪವೂ ಇತ್ತು. ಸಮವಸ್ತ್ರ, ಸೀಟಿ, ಹೆಜ್ಜೆ ಹಾಕುವಿಕೆ, ಇವೆಲ್ಲ ಸೈನ್ಯದ ವಾಸನೆಯವು, ಅಹಿಂಸೆಯ ಚಳವಳಿಗೆ ಒಗ್ಗುವುದಿಲ್ಲ ಎಂಬ ಶಂಕೆ ಕಾಂಗ್ರೆಸ್ಸಿನೊಳಗೇ ಇತ್ತು. ಆ ಶಂಕೆಯನ್ನು ಹುರುಳಿಲ್ಲದ್ದೆಂದು ತಳ್ಳಿಹಾಕಲು ನನಗೆ ಮನಸ್ಸಾಗದು, ಏಕೆಂದರೆ ಅಪ್ಪಣೆ ಪಾಲಿಸುವುದನ್ನಷ್ಟೇ ಕಲಿತ ಗುಂಪು ಯಾರ ಕೈಗೂ ಸಿಕ್ಕಬಹುದು. ಆದರೆ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಅಂಕೋಲೆಯ ಕಡಲತೀರಕ್ಕೆ ಬಂದಾಗ, ಲಾಠಿ ಬಿದ್ದರೂ ಓಡದ, ಎದುರೇಟೂ ಕೊಡದ ಜನ ಎಷ್ಟು ಬೇಕಾಗುತ್ತಾರೆಂಬುದು ಎಲ್ಲ ಹಿರಿಯರಿಗೂ ಮನವರಿಕೆಯಾಯಿತು. 1931ರಲ್ಲಿ ಕಾಂಗ್ರೆಸ್ ಈ ದಳವನ್ನು ತನ್ನ ಅಧಿಕೃತ ಅಂಗವಾಗಿ ಸೇರಿಸಿಕೊಂಡಿತು, ಮರುವರ್ಷವೇ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧದ ಕಾಲದಲ್ಲಿ ಮಾಸ್ತರರು ಪಿಕೆಟಿಂಗ್ ಮಾಡಿ ಮೂರು ತಿಂಗಳು ಜೈಲಿನಲ್ಲಿದ್ದರು.

1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಘೋಷಿಸಿದಾಗ, ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಕೆಲವರು ಅರ್ಜಿಯ ನಮೂನೆ ಹಿಡಿದು ಅವರ ಮನೆಗೆ ಹೋಗಿದ್ದೆವು. ಪಿಂಚಣಿಗೆ ಆರು ತಿಂಗಳ ಸೆರೆವಾಸ ಬೇಕೆಂಬ ಷರತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ನಮೂನೆಯನ್ನು ಪೂರ್ತಿ ಓದಿ, ಶಿಬಿರ ನಡೆಸಿದ ದಿನಗಳನ್ನು ಬರೆಯಲು ಇದರಲ್ಲಿ ಕಾಲಮ್ಮೇ ಇಲ್ಲವಲ್ಲ ಎಂದು ನಕ್ಕು, ತಮಗಿಂತ ಹೆಚ್ಚು ಕಾಲ ಜೈಲಿನಲ್ಲಿದ್ದ ಪಕ್ಕದ ಓಣಿಯ ನೇಕಾರರೊಬ್ಬರ ಮನೆಯ ದಾರಿ ಹೇಳಿ, ಆ ನಮೂನೆಯನ್ನು ಅವರಿಗೆ ತುಂಬಿಕೊಡುವಂತೆ ನಮ್ಮನ್ನು ಕಳಿಸಿದರು.